ಇಪ್ಪತ್ತನೇ ತಾರೀಖಿನ ಬಾಳೆಲೆ

ಗಾಲ್ವೇ
ಭಾನುವಾರ, 7 ಸೆಪ್ಟೆಂಬರ್ 2025

ಘನ ಅಧ್ಯಕ್ಷರೇ, ವೇದಿಕೆಯ ಮೇಲೆ ಶಾಲು ಹೊದ್ದು ಕೂತಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಕಾಲು ನೀಡಿಕೊಂಡಿರುವ ಹಿರಿಯರೇ, ಹಿಂದಿನ ಸಾಲಿನಲ್ಲಿ ಊಟಕ್ಕೆ ಏನು ಮಾಡಿಸಿದ್ದಾರೆ ಅಂತ ಗುಸುಗುಸು ಮಾಡುತ್ತಿರುವ ಬಂಧುಗಳೇ, ಮತ್ತು ಈ ಸಭೆಯ ಏಕೈಕ ಸನ್ಮಾನಿತರಾದ ಶ್ರೀಮಾನ್ ಶ್ರೀಕಂಠನವರೇ,

ಎಲ್ಲರಿಗೂ ನಮಸ್ಕಾರ. ನಿಮಗೊಬ್ಬರಿಗೆ ಮಾತ್ರ ಅರ್ಧ ನಮಸ್ಕಾರ. ಉಳಿದರ್ಧ ನಿಮ್ಮ ನಡತೆ ನೋಡಿಕೊಂಡು.

ಸತ್ತವರನ್ನು ಬದುಕಿಸಿದ ಮಹಾನುಭಾವರು ಪುರಾಣದಲ್ಲಿ ಒಬ್ಬಿಬ್ಬರು ಇದ್ದಾರಂತೆ. ಅವರೆಲ್ಲ ಅನ್ನ ನೀರು ಬಿಟ್ಟು ತಪಸ್ಸು ಮಾಡಿದವರು. ನೀವು ಹಾಗಲ್ಲ. ಒಂದು ಕೈಯಲ್ಲಿ ಹಾಗಲಕಾಯಿ, ಇನ್ನೊಂದು ಕೈಯಲ್ಲಿ ಕಾರಿನ ಕೀ ಹಿಡಿದು, ಅಂಗಡಿಯ ಗಲ್ಲಾದ ಮುಂದೆ ನಿಂತು, ಎರಡೂವರೆ ವರ್ಷದ ಹಿಂದೆ ತೀರಿಹೋದ ನಿಮ್ಮ ಅತ್ತೆ ಚನ್ನಮ್ಮನನ್ನು ಎಬ್ಬಿಸಿ ಕೂರಿಸಿದ್ದೀರಿ. ಆ ಸಾಧನೆಗೆ ಈ ಅಭಿನಂದನಾ ಪತ್ರ. ವಾಟ್ಸಾಪಿನಲ್ಲಿ ಬರೆದರೆ ಹೆಬ್ಬೆಟ್ಟಿನ ಚಿತ್ರ ಒತ್ತಿ ಕೈ ತೊಳೆದುಕೊಳ್ಳುತ್ತೀರಿ ಅಂತ ಕಾಗದದ ಮೇಲೆ ಬರೆದು, ಮಗಳು ಮಾನ್ಯಾಳ ಸ್ಕೂಲ್ ಬ್ಯಾಗಿನಲ್ಲಿ ಕಳಿಸುತ್ತಿದ್ದೇನೆ. ಹೆಬ್ಬೆಟ್ಟು ಒತ್ತಬೇಕೆನಿಸಿದರೆ ಮಸಿ ಹುಡುಕಿಕೊಳ್ಳಿ.

ಸಭಿಕರ ಮಾಹಿತಿಗಾಗಿ ಎರಡು ಮಾತು. ನಮ್ಮೂರು ಗಾಲ್ವೇಯ ಪೂರ್ವಕ್ಕೆ, ಒಂದು ಕಟಿಂಗ್ ಶಾಪಿಗೂ ಒಂದು ಕುದುರೆ ಜೂಜಿನ ಅಂಗಡಿಗೂ ನಡುವೆ, ಹೋವಾ ಅಕ್ಕನ ವಿಯೆಟ್ನಾಂ ಅಂಗಡಿ ಇದೆ. ಬಾಗಿಲು ತೆರೆದರೆ ಮೊದಲು ಒಣಮೀನಿನ ವಾಸನೆ, ಆಮೇಲೆ ಊದುಬತ್ತಿ, ಎರಡನ್ನೂ ದಾಟಿದರೆ ಕೊತ್ತಂಬರಿ. ಪ್ಲಾಸ್ಟಿಕ್ ಕುಂಡದಲ್ಲಿ ನಾಲ್ಕು ಎಳೆ ಕೊತ್ತಂಬರಿ ನೆಟ್ಟು ಮಾರುವ ಈ ದೇಶದಲ್ಲಿ ಹೋವಾ ಅಕ್ಕ ಬೇರು ಮಣ್ಣಿನ ಸಮೇತ ಕಟ್ಟುಗಟ್ಟಲೆ ಇಟ್ಟಿರುತ್ತಾರೆ. ನುಗ್ಗೆಕಾಯಿ, ಬಾಳೆಹೂ, ಕೆಸುವಿನ ಗೆಡ್ಡೆ, ತುರಿದ ತೆಂಗಿನಕಾಯಿ. ಕರಿಬೇವು ಅವರ ಅಡುಗೆಗೆ ಬೇಕಿಲ್ಲ, ನಮ್ಮಂಥವರಿಗೋಸ್ಕರ ಡಬ್ಲಿನ್ನಿನಿಂದ ಗುರುವಾರದ ವ್ಯಾನಿನಲ್ಲಿ ತರಿಸುತ್ತಾರೆ. ತೂಕ ಆದ ಮೇಲೆ ಕೊಸರು ಅಂತ ಮೇಲೊಂದು ಹಿಡಿ ಹಾಕುವುದನ್ನು ಅವರಿಗೆ ಕಲಿಸಬೇಕು ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಹಾಕಿದ್ದರು. ಅವತ್ತಿನಿಂದ ಅವರು ನನಗೆ ಅಕ್ಕ.

ಆರು ವರ್ಷ, ಪ್ರತಿ ಶನಿವಾರ, ಇಬ್ಬರೂ ಜೊತೆಯಲ್ಲಿ ಹೋಗಿದ್ದೇವೆ. ನೀವು ಹಾಗಲಕಾಯಿ ಆರಿಸುವುದು, ನಾನು ಅದನ್ನು ವಾಪಸ್ ಇಟ್ಟು ಬೇರೆ ಆರಿಸುವುದು, ಅಕ್ಕ ಸ್ಟೂಲಿನ ಮೇಲೆ ಕೂತು ನಗುವುದು. ಮೇ ತಿಂಗಳಲ್ಲಿ ನಾನು ಅದೇ ಹಳೇ ಮಾತು ನೂರನೇ ಸಲ ಎತ್ತಿದಾಗ ನೀವು ತಟ್ಟೆ ಬಿಟ್ಟು ಎದ್ದು, ಹೌದು ಕಣೇ, ನಿಮ್ಮಮ್ಮನ್ನ ನಾನೇ ಕೊಂದೆ ಅಂತ ಬರೆದುಕೊಡ್ಲಾ ಅಂತ ಕೇಳಿ, ಸೂಟ್‌ಕೇಸು ತುಂಬಿಕೊಂಡು ಓರನ್‌ಮೋರಿನ ಬಾಡಿಗೆ ರೂಮಿಗೆ ಹೊರಟಿರಲ್ಲ, ಅಲ್ಲಿಂದೀಚೆಗೆ ನಾನು ಆ ಅಂಗಡಿಗೆ ಕಾಲಿಟ್ಟಿರಲಿಲ್ಲ. ಯಾಕೆ ಗೊತ್ತೇ? ಎಲ್ಲಿ ನಿಮ್ಮ ಯಜಮಾನರು ಅಂತ ಅಕ್ಕ ಕೇಳುತ್ತಾರೆ. ಕೇಳಿದರೆ ನಿಜ ಹೇಳಬೇಕು. ನಾಲ್ಕು ತಿಂಗಳು ಕರಿಬೇವಿಲ್ಲದೆ ಒಗ್ಗರಣೆ ಹಾಕಿದೆ, ಸುಳ್ಳು ಹೇಳಬಾರದಲ್ಲ ಅಂತ. ನಿಮಗೆ ಆ ಕಷ್ಟವೇ ಇರಲಿಲ್ಲ ನೋಡಿ. ನೀವು ಬಿಡದೆ ಹೋಗುತ್ತಿದ್ದಿರಿ.

ನಿನ್ನೆ ನಾನು ಹೋದದ್ದು ಬಾಳೆಲೆಗೆ ಹೇಳಿಬರಲು. ಇಪ್ಪತ್ತೊಂದಕ್ಕೆ ಮಹಾಲಯ ಅಮಾವಾಸ್ಯೆ. ಮದುವೆಯಾಗಿ ಬಂದ ಹೆಣ್ಣು ತವರಿನವರಿಗೆ ಎಡೆ ಇಡೋ ಪದ್ಧತಿ ಇಲ್ಲ ಅಂತ ಹಿಂದಿನ ಎರಡು ವರ್ಷವೂ ನೀವು ಶಾಸ್ತ್ರ ಹೇಳಿದಿರಿ. ಅವ್ವನಿಗೆ ನಾನೊಬ್ಬಳೇ. ತಿಪಟೂರಿನಲ್ಲಿ ಚಿಕ್ಕಮ್ಮನ ಮಗ ತನ್ನ ಹಿರಿಯರಿಗೆ ಇಟ್ಟ ಮೇಲೆ, ಇರಲಿ ಅಂತ ಮೂಲೆಯಲ್ಲಿ ಅವ್ವನಿಗೊಂದು ತುಂಡು ಎಲೆ ಹಾಕುತ್ತಾನಂತೆ. ಅಂಗನವಾಡಿಯಲ್ಲಿ ಮೂವತ್ತು ವರ್ಷ ಊರಿನ ಮಕ್ಕಳಿಗೆಲ್ಲ ಉಪ್ಪಿಟ್ಟು ಬಡಿಸಿದವಳಿಗೆ ಮೂಲೆಯ ತುಂಡೆಲೆ. ಈ ಸಲ ನನ್ನ ಅಡುಗೆಮನೆ, ನನ್ನ ಅವ್ವ, ಅಡ್ಡ ಹೇಳಲು ನೀವೂ ಇಲ್ಲ ಅಂತ ತೀರ್ಮಾನ ಮಾಡಿದೆ. ಅಗ್ರದ ಎಲೆ ಐದು, ಸಿಹಿಗುಂಬಳ ಒಂದು, ಹೊಸ ಸೀರೆಯೊಂದು. ಸೀರೆ ಆಗಲೇ ತಂದಿಟ್ಟಿದ್ದೇನೆ. ಹಸಿರು, ಕೆಂಪಂಚು.

ಬಾಗಿಲು ತಳ್ಳಿದ್ದೇ ತಡ, ಗಿರಾಕಿಗಳಿದ್ದರೂ ಸ್ಟೂಲು ಬಿಟ್ಟು ಏಳದ ಹೋವಾ ಅಕ್ಕ ಗಲ್ಲಾ ಬಳಸಿಕೊಂಡು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಇಂಡಿಯಾದಿಂದ ಯಾವಾಗ ಬಂದೆ, ಎಷ್ಟು ಸೊರಗಿದೀಯಾ ಅಂದರು. ನಾನು, ಇವರಿಗೆ ನನ್ನನ್ನು ಕಂಡು ಇನ್ಯಾರೋ ಅನ್ನಿಸಿರಬೇಕು ಅಂದುಕೊಂಡೆ. ನಮ್ಮ ಕಂಪನಿಯಲ್ಲೂ ಅಷ್ಟೇ, ತಲೆಗೆ ಟೋಪಿ ಮುಖಕ್ಕೆ ಮಾಸ್ಕು ಹಾಕಿದರೆ ನಾವೆಲ್ಲ ಒಂದೇ. ಆಮೇಲೆ ಕೇಳಿದರು, ಅಮ್ಮ ಈಗ ಹೇಗಿದ್ದಾರೆ?

ಅವ್ವ ತೀರಿಹೋದದ್ದನ್ನು ನಾವಿಬ್ಬರೂ ಅವರಿಗೆ ಯಾವತ್ತೂ ಹೇಳಿರಲಿಲ್ಲ. ಅವರೇ ಮಾತು ಮುಂದುವರಿಸಿದರು. ನಿನ್ನ ಗಂಡ ಎಲ್ಲ ಹೇಳಿದ್ದಾನೆ, ಮುಚ್ಚುಮರೆ ಏನಿಲ್ಲ ಅಂದರು. ಮೇ ತಿಂಗಳಲ್ಲಿ ಅಮ್ಮನಿಗೆ ಹುಷಾರು ತಪ್ಪಿತಂತೆ. ಒಬ್ಬಳೇ ಮಗಳು, ಸುದ್ದಿ ಬಂದ ದಿನವೇ ವಿಮಾನ ಹತ್ತಿದಳಂತೆ. ಹಗಲೂ ರಾತ್ರಿ ಹಾಸಿಗೆಯ ಪಕ್ಕ ಕೂತಿರುತ್ತಾಳಂತೆ. ಮೊದಲು ನೀರೂ ಇಳಿಯುತ್ತಿರಲಿಲ್ಲವಂತೆ, ಮಗಳ ಕೈಯಲ್ಲಾದರೆ ನಾಲ್ಕು ಚಮಚ ಗಂಜಿ ಕುಡಿಯುತ್ತಾರಂತೆ. ಜುಲೈಯಲ್ಲಿ ದಿಂಬಿಗೆ ಒರಗಿ ಕೂತರಂತೆ. ಆಗಸ್ಟಿನಲ್ಲಿ ಮಗಳ ಕೈಯಲ್ಲಿ ತಲೆ ಬಾಚಿಸಿಕೊಂಡರಂತೆ.

ರೀ, ತಲೆ ಬೇರೆ ಬಾಚಿಸಿದ್ದೀರಾ?

ಬರೀ ಒಂದು ಸುಳ್ಳು ಹೇಳಿದ್ದರೆ ಇದು ರಜಾ ಅರ್ಜಿಯ ದೋಷ ಅಂತ ಬಿಟ್ಟುಬಿಡುತ್ತಿದ್ದೆ. ಕನ್ನಡ ಶಾಲೆಯಲ್ಲಿ ನಮಗೆಲ್ಲ ಕಲಿಸಿದ ಮೊದಲ ಕಥಾಸಾಹಿತ್ಯ ಅದೇ ತಾನೇ? ಮಾನ್ಯರೇ, ನಮ್ಮ ತಾಯಿಯವರಿಗೆ ಆರೋಗ್ಯ ಸರಿಯಿಲ್ಲದ ಕಾರಣ. ಎದುರಿಗೆ ಯಾರಾದರೂ ಯಾಕೆ ಅಂತ ಕೇಳಿದರೆ ಸಾಕು, ನಮ್ಮ ಜನಕ್ಕೆ ಮನೆಯಲ್ಲೊಬ್ಬರು ಮಲಗಿಬಿಡುತ್ತಾರೆ. ಮ್ಯಾಟಿನಿ ಶೋಗಾಗಿ ನೀವು ಒಂಬತ್ತನೇ ಕ್ಲಾಸಿನಲ್ಲಿ ಒಂದೇ ಅಜ್ಜಿಯನ್ನು ನಾಲ್ಕು ಸಲ ಸಾಯಿಸಿದ್ದಿರಿ ಅಂತ ನಿಮ್ಮ ತಂಗಿಯೇ ಸಾಕ್ಷಿ ಹೇಳಿದ್ದಾಳೆ. ಹೆಂಡತಿ ಎಲ್ಲಿ ಅಂತ ಅಕ್ಕ ಕೇಳಿದರು, ಜಗಳವಾಡಿ ಮನೆಬಿಟ್ಟಿದ್ದೇನೆ ಅನ್ನಲು ನಿಮಗೆ ನಾಲಿಗೆ ಹೊರಳಲಿಲ್ಲ, ತಾಯಿಗೆ ಹುಷಾರಿಲ್ಲ ಅಂತ ಬಾಯಿಗೆ ಬಂತು. ಒಪ್ಪಿದೆ. ಆದರೆ ನೀವು ಅಲ್ಲಿಗೆ ನಿಲ್ಲಿಸಲಿಲ್ಲ. ವಾರವಾರ ಹೋಗಿ ಧಾರಾವಾಹಿ ನಡೆಸಿದ್ದೀರಿ.

ಅದೂ ಯಾವ ಕಥೆ? ಸಭಿಕರು ದಯವಿಟ್ಟು ಪಿಸುಮಾತು ನಿಲ್ಲಿಸಿ ಕೇಳಬೇಕು. 2023ರ ಫೆಬ್ರವರಿಯಲ್ಲಿ ಅವ್ವನಿಗೆ ತಲೆಯಲ್ಲಿ ರಕ್ತ ಹೆಪ್ಪುಗಟ್ಟಿ ಚಿಕ್ಕಮ್ಮನ ಮನೆಯಲ್ಲಿ ಮಲಗಿದಾಗ ಇದೇ ಶ್ರೀಕಂಠನವರು ಏನಂದರು? ನಿನ್ನ ಇಮಿಗ್ರೇಶನ್ ಕಾರ್ಡ್ ರಿನ್ಯೂ ಆಗಿ ಬಂದಿಲ್ಲ, ಈಗ ಹೋದರೆ ವಾಪಸ್ ಬರುವಾಗ ತಡೆದುಬಿಟ್ಟಾರು, ಮಾನ್ಯಾ ಗತಿಯೇನು, ಕಾರ್ಡ್ ಬರಲಿ, ಬಂದ ದಿನವೇ ಹೊರಡು ಅಂದರು. ಹನ್ನೊಂದು ದಿನ. ಆ ಹನ್ನೊಂದು ದಿನ ನೀವು ಮಾಡಿದ್ದೇನು? ಪಾರ್ಕ್‌ಮೋರಿನ ನಿಮ್ಮ ಆಫೀಸಿನಿಂದ ದಿನಾ ಮಧ್ಯಾಹ್ನ ಫೋನ್ ಮಾಡಿ, ಕಾರ್ಡ್ ಬಂತಾ ಅಂತ ಕೇಳಿದಿರಿ. ಅಷ್ಟೇ. ಬಂತಾ, ಬಂತಾ, ಬಂತಾ. ಹನ್ನೆರಡನೇ ದಿನ ಬೆಳಗ್ಗೆ ಫೋನ್ ಬಂತು. ಕಾರ್ಡಿನದ್ದಲ್ಲ.

ನಾನು ಹತ್ತದ ವಿಮಾನವನ್ನು ನೀವು ನನಗೆ ಹತ್ತಿಸಿದ್ದೀರಿ. ನಾನು ಕುಡಿಸದ ಗಂಜಿಯನ್ನು ನನ್ನ ಕೈಯಿಂದ ಕುಡಿಸಿದ್ದೀರಿ. ತಡೆದ ಬಾಯಿಯೇ ಕಳಿಸಿಕೊಟ್ಟೆ ಅನ್ನುತ್ತದೆ, ಅದೂ ಮೀನು ಸಾಸಿನ ಬಾಟಲಿಗಳ ಮುಂದೆ. ನಿಮಗೆ ಎಷ್ಟು ಧೈರ್ಯ ರೀ!

ಬಿ.ಎ.ಯಲ್ಲಿ ಛಂದಸ್ಸಿಗೆ ಬಂದ ಎಪ್ಪತ್ತೊಂದು ಅಂಕ ವ್ಯರ್ಥವಾಗಬಾರದು ಅಂತ ವಾಪಸ್ ಬರುವಾಗ ಬಸ್ಸಿನಲ್ಲೇ ನಿಮಗೊಂದು ಬಿನ್ನವತ್ತಳೆ ಕಟ್ಟಿದೆ:

ಆಡಬೇಕಾದಲ್ಲಿ ಬಾಯಲ್ಲಿ ಮುದ್ದೆ,
ಸುಮ್ಮನಿರಬೇಕಾದಲ್ಲಿ ಸುಳ್ಳಿನ ಗದ್ದೆ.
ನಂಬಿದ ತಪ್ಪಿಗೆ ನಾನೊಬ್ಬಳು ಬಿದ್ದೆ,
ಆ ಹನ್ನೊಂದು ದಿನವೂ ನಿಮಗೆ ಸೊಂಪಾದ ನಿದ್ದೆ.

ಕೊನೆಯ ಸಾಲು ಪ್ರಾಸಕ್ಕಾಗಿ ಬಂದದ್ದು ಅಂತ ನೀವು ವಾದಿಸಬಹುದು. ವಾದಿಸಿ.

ಇನ್ನೂ ಇದೆ. ಅಕ್ಕ ಕೇಳಿದರು, ಕಳಿಸಿದ್ದೆಲ್ಲ ಅಮ್ಮನಿಗೆ ತಲುಪಿತಾ? ಒಣಗಿದ ತಾವರೆ ಬೀಜ ಬೇಯಿಸಿಕೊಟ್ಟೆಯಾ, ನಿದ್ದೆಗೆ ಒಳ್ಳೆಯದು. ಹಸಿರು ಎಣ್ಣೆಯನ್ನು ಅಂಗಾಲಿಗೆ ತಿಕ್ಕಿದೆಯಾ? ತಿಂಗಳಿಗೊಂದು ಪೊಟ್ಟಣ ಕಟ್ಟಿ ಕೊಟ್ಟಿದ್ದಾರೆ ಆ ಪುಣ್ಯಾತ್ಗಿತ್ತಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸು ಅಂತ. ನೀವು ಎರಡು ಕೈ ಚಾಚಿ ಇಸಕೊಂಡಿದ್ದೀರಿ. ಮನೆಗೆ ಬಂದು ಮಾನ್ಯಾಳನ್ನು ಕೇಳಿದೆ. ಅಪ್ಪನ ರೂಮಿನ ಕಿಟಕಿಯ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದಾರೆ, ಔಷಧಿ ಅಂಗಡಿ ಥರ ಕಾಣುತ್ತೆ, ಒಂದನ್ನೂ ಬಿಚ್ಚಿಲ್ಲ ಅಂದಳು. ತಿಂದುಹಾಕಿದ್ದರೆ ಕಳ್ಳ ಅಂತ ಬೈದು ಹಗುರಾಗುತ್ತಿದ್ದೆ. ಸಾಲಾಗಿ ಇಟ್ಟುಕೊಂಡು ಕೂತವನನ್ನು ಏನಂತ ಬೈಯಲಿ? ಅದಕ್ಕೂ ನನಗೆ ಸಿಟ್ಟು ಬಂತು.

ಅಕ್ಕನಿಗೆ ನಾನೇನು ಹೇಳಿದೆ ಅಂತ ಕೇಳಿ. ತಲುಪಿತು ಅಂದೆ. ಅವ್ವನಿಗೆ ತಾವರೆ ಬೀಜ ಇಷ್ಟವಾಯಿತು ಅಂದೆ. ನಿಮ್ಮ ಸುಳ್ಳಿನ ಗಾಡಿಗೆ ನಾನು ಎಣ್ಣೆ ಹಾಕಿದೆ. ಹಿಂದೆ ಮೂರು ಜನ ಗಿರಾಕಿಗಳು ನಿಂತಿದ್ದರು, ಅಕ್ಕನ ಕಣ್ಣು ತುಂಬಿತ್ತು, ಆ ಹೊತ್ತಿನಲ್ಲಿ ಇಲ್ಲ, ಅವ್ವ ಸತ್ತು ಎರಡೂವರೆ ವರ್ಷ ಆಯಿತು ಅನ್ನುವುದು ಹೇಗೆ? ಹೇಳಿದರೆ ಅವರಿಗೆ ಅವ್ವ ಅಲ್ಲೇ ಆಗ ಸತ್ತಂತೆ. ಅದನ್ನು ಮಾಡುವವಳು ನಾನಾಗಬೇಕಿತ್ತು. ನೀವು ಹೊಲಿದದ್ದನ್ನು ಬಿಚ್ಚುವ ಕೆಲಸ ಯಾವಾಗಲೂ ನನ್ನದೇ.

ಅಷ್ಟರಲ್ಲಿ ಅವರು ಗಲ್ಲಾದ ಪಕ್ಕದಿಂದ ಒಂದು ಬಿದಿರು ಬುಟ್ಟಿ ಎತ್ತಿಕೊಂಡರು. ಅದರ ತುಂಬ ಬಟ್ಟೆಯಲ್ಲಿ ಮಾಡಿದ ಗುಲಾಬಿ. ಇವತ್ತು ನಮ್ಮ ಹುಣ್ಣಿಮೆ, ತಾಯಂದಿರ ಹಬ್ಬ ಅಂದರು. ತಾಯಿ ಇರುವವರು ಕೆಂಪು ಮುಡಿಯಬೇಕು, ಇಲ್ಲದವರು ಬಿಳಿ. ಅವರ ಎದೆಯ ಮೇಲೆ ಬಿಳಿಯದಿತ್ತು. ನನಗೆ ಕೆಂಪು ಹುಡುಕಿದರು. ಸಿಕ್ಕಿದ್ದು ಸುಕ್ಕಾಗಿದೆ ಅಂತ ಇನ್ನೊಂದು ಹುಡುಕಿದರು. ನನ್ನ ಕಂಪನಿ ಜಾಕೆಟ್ಟಿಗೆ ಸೇಫ್ಟಿ ಪಿನ್ ಹಾಕಿ ಚುಚ್ಚಿ, ನೆಟ್ಟಗೆ ಮಾಡಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ನೀನು ಪುಣ್ಯವಂತೆ ಕಣೇ ಅಂದರು.

ನಾನು ಅದನ್ನು ಕಿತ್ತೆಸೆಯಲಿಲ್ಲ. ಬಸ್ ಸ್ಟಾಪಿನಲ್ಲಿ ನಿಂತಾಗಲೂ ಇತ್ತು, ಬಸ್ಸಿನಲ್ಲೂ ಇತ್ತು. ಮನೆಗೆ ಬಂದಾಗ ಮಾನ್ಯಾ, ಏನದು ಅಂದಳು. ಅಂಗಡಿಯವರು ಕೊಟ್ಟರು ಅಂದೆ. ಅವಳು ಆ ಹೂವಿನ ಅರ್ಥವನ್ನು ಫೋನಿನಲ್ಲಿ ಹುಡುಕಿ, ಓದಿ, ಮ್ಯಾಮ್, ಅಜ್ಜಿ ಈಸ್ ಡೆಡ್, ಲೈಕ್, ಅಂದಳು. ಅಮ್ಮನನ್ನು ಮ್ಯಾಮ್ ಅನ್ನದೆ, ಕೊನೆಗೊಂದು ಲೈಕ್ ಸೇರಿಸದೆ ಈ ಊರಿನ ಮಕ್ಕಳಿಗೆ ಸಾವಿನ ಸುದ್ದಿಯನ್ನೂ ಹೇಳಲು ಬರುವುದಿಲ್ಲ. ಆಮೇಲೆ ಅವಳೇ ಬಂದು ಪಿನ್ ಬಿಚ್ಚಿದಳು. ಹದಿನೈದು ವರ್ಷದ ಮಗುವಿನ ಕೈಯಲ್ಲಿ ಈ ಕೆಲಸ ಮಾಡಿಸಿದ್ದೀರಿ.

ಈಗ ವಿಷಯಕ್ಕೆ ಬರುತ್ತೇನೆ. ಬಾಳೆಲೆಗೆ ನಾನು ಹೇಳಿ ಬಂದಾಗಿದೆ. ಐದು ಎಲೆ ಯಾವುದಕ್ಕೆ ಅಂತ ಅಕ್ಕ ಕೇಳಿದರು. ಎಡೆಗೆ ಅನ್ನಲು ಆಗುತ್ತದೆಯೇ? ಅವ್ವ ಎದ್ದು ಕೂತಳಲ್ಲ, ದೇವರಿಗೊಂದು ಹರಕೆ ಇತ್ತು ಅಂದೆ. ಹೌದು, ನಾನೇ ಅಂದೆ. ಹಾಗಾದರೆ ಎಲೆ ನನ್ನ ಲೆಕ್ಕ, ನಿಮ್ಮಮ್ಮನ ಹೆಸರಲ್ಲಿ ನಾನು ಕೊಡುತ್ತೇನೆ, ಇಪ್ಪತ್ತನೇ ತಾರೀಖು ಬಂದು ತಗೊಂಡು ಹೋಗು, ಹರಿದಿಲ್ಲದ ಎಲೆಯನ್ನೇ ಆರಿಸಿ ಇಟ್ಟಿರುತ್ತೇನೆ ಅಂದರು.

ಬದುಕಿರುವವಳಿಗೆ ಅಂತ ಕೊಟ್ಟ ಎಲೆಯ ಮೇಲೆ ಸತ್ತವಳಿಗೆ ಹೇಗೆ ಬಡಿಸಲಿ? ಅವ್ವ ಬಂದು ಉಣ್ಣುತ್ತಾಳಾ? ಉಂಡರೆ ಯಾವ ಅವ್ವ ಉಣ್ಣುತ್ತಾಳೆ, ನಾನು ನೋಡಲು ಹೋಗದವಳೋ, ನಿಮ್ಮ ಧಾರಾವಾಹಿಯಲ್ಲಿ ತಲೆ ಬಾಚಿಸಿಕೊಂಡವಳೋ?

ಇನ್ನೊಂದು ವಿಷಯ ನನ್ನ ಹೊಟ್ಟೆ ಉರಿಸುತ್ತಿದೆ. ಗಲ್ಲಾದ ಹಿಂದೆ, ಮೇಲೆ, ಸಣ್ಣ ಹಲಗೆಯ ಮೇಲೆ ಹೋವಾ ಅಕ್ಕನ ತಾಯಿಯ ಫೋಟೋ ಇದೆ. ಮುಂದೆ ಎರಡು ಕಿತ್ತಳೆ, ಒಂದು ಲೋಟ ಟೀ, ಬಟ್ಟಲಲ್ಲಿ ಅನ್ನ. ಆರು ವರ್ಷ ನೋಡಿದ್ದೀವಿ ಇಬ್ಬರೂ. ಕಂಪನಿಯಲ್ಲಿ ನನ್ನ ಪಕ್ಕದ ಬೆಂಚಿನವಳಿಗೆ ಎಡೆ ಅಂದರೇನು ಅಂತ ತಿಳಿಸಿ ಹೇಳಲು ಎರಡು ಟೀ ಬ್ರೇಕ್ ಬೇಕಾಯಿತು. ಈ ಊರಲ್ಲಿ ಒಂದೇ ಒಂದು ಜೀವಕ್ಕೆ ಅದನ್ನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಅವ್ವನಿಗೆ ಎಡೆ ಇಡಬೇಕು ಅಕ್ಕಾ ಅಂದಿದ್ದರೆ ಸಾಕಿತ್ತು, ಕುಂಬಳಕಾಯಿಯನ್ನು ಕೂಡ ಅವರೇ ತಟ್ಟಿ ನೋಡಿ ಆರಿಸಿಕೊಡುತ್ತಿದ್ದರು. ಅಂಥವರ ಹತ್ತಿರ ಹೋಗಿ ನೀವು ಈ ಸುಳ್ಳು ಬಿತ್ತಿದಿರಿ.

ಆದ್ದರಿಂದ ಶ್ರೀಮಾನ್ ಶ್ರೀಕಂಠನವರೇ, ಹದಿನೆಂಟನೇ ತಾರೀಖು ಗುರುವಾರ, ವ್ಯಾನು ಬರುವ ಮೊದಲು, ನೀವು ಆ ಅಂಗಡಿಗೆ ಹೋಗತಕ್ಕದ್ದು. ಹಾಗಲಕಾಯಿ ಮುಟ್ಟತಕ್ಕದ್ದಲ್ಲ. ಸೀದಾ ಗಲ್ಲಾದ ಮುಂದೆ ನಿಂತು ಹೇಳಿ: ನಮ್ಮತ್ತೆ ತೀರಿಹೋಗಿ ಎರಡೂವರೆ ವರ್ಷವಾಯಿತು. ನನ್ನ ಹೆಂಡತಿ ಹೋಗಲಿಲ್ಲ. ಹೋಗದ ಹಾಗೆ ಮಾಡಿದವನು ನಾನು. ಈಗ ನಾವು ಬೇರೆ ಬೇರೆ ಇದ್ದೇವೆ. ಆ ನಾಲ್ಕು ಪೊಟ್ಟಣಗಳನ್ನೂ ವಾಪಸ್ ಕೊಡಿ. ಅವರು ಬೈದರೆ ಬೈಸಿಕೊಳ್ಳಿ, ಅತ್ತರೆ ನಿಂತು ನೋಡಿ, ಓಡಬೇಡಿ. ಇಪ್ಪತ್ತಕ್ಕೆ ನಾನು ಹೋದಾಗ ಆ ಅಂಗಡಿಯಲ್ಲಿ ನನ್ನ ಅವ್ವ ಸತ್ತಿರಬೇಕು. ಇಲ್ಲದಿದ್ದರೆ ಮೂರನೇ ವರ್ಷವೂ ಅವಳು ಉಪವಾಸ.

ನಿಮ್ಮ ಬೆನ್ನುನೋವಿಗೆ ಮುಲಾಮು ಮಾನ್ಯಾಳ ಬ್ಯಾಗಿನ ಸೈಡ್ ಜೇಬಿನಲ್ಲಿದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇಂತಿ,
ಕಾನೂನಿನ ಪ್ರಕಾರ ಇನ್ನೂ ನಿಮ್ಮವಳಾದ,
ಲೀಲಾವತಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಬರೆಯುತ್ತಿದ್ದೇನೆ. ಮಾನ್ಯಾ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ.

ಅಂಗಡಿಗೆ ನೀವು ಹೋಗಬೇಡಿ. ಅಕ್ಕನಿಗೆ ನಾನೇ ಹೇಳುತ್ತೇನೆ. ಆದರೆ ನಿಮಗೆ ಹೇಳದೆ ಅವರಿಗೆ ಹೇಳಲು ಬರುವುದಿಲ್ಲ.

ಕಾರ್ಡ್ ಬಂದಿತ್ತು. ಎರಡನೇ ದಿನವೇ ಪೋಸ್ಟಿನಲ್ಲಿ ಬಂತು. ಅದರ ಹಿಂದಿನ ದಿನ ಚಿಕ್ಕಮ್ಮ ವಿಡಿಯೋ ಕಾಲ್ ಮಾಡಿ ಫೋನನ್ನು ಅವ್ವನ ಮುಖದ ಹತ್ತಿರ ಹಿಡಿದಿದ್ದರು. ಅವ್ವ ತುಂಬ ಹೊತ್ತು ನನ್ನನ್ನೇ ನೋಡಿ, ಯಾರವ್ವ ನೀನು, ಯಾರ ಮಗಳು ಅಂದಳು. ಪಕ್ಕದಲ್ಲಿ ಕೂತು ಆ ಮಾತನ್ನು ಇನ್ನೊಂದು ಸಲ ಕೇಳುವ ಶಕ್ತಿ ನನಗಿರಲಿಲ್ಲ. ಕಾರ್ಡನ್ನು ಅಕ್ಕಿ ಡಬ್ಬದ ಕೆಳಗೆ ಇಟ್ಟೆ. ನೀವು ಬಂತಾ ಅಂತ ಕೇಳಿದಾಗಲೆಲ್ಲ ಇಲ್ಲ ಅಂದೆ. ನೀವು ನನಗೆ ಟಿಕೆಟ್ ಕಾದಿರಿಸಿ, ದಿನವನ್ನು ಮುಂದೆ ಮುಂದೆ ಹಾಕುತ್ತಿದ್ದದ್ದೂ ನನಗೆ ಗೊತ್ತಿತ್ತು.

ನೀವು ನನ್ನನ್ನು ತಡೆಯಲಿಲ್ಲ ರೀ. ನಾನೇ ಹೋಗಲಿಲ್ಲ.